ಬೆಳಿಗ್ಗೆ ಕುಡಿದ್ರೆ ಫಸ್ಟ್ ಕ್ಲಾಸ್, ಮಧ್ಯಾಹ್ನ ಕುಡಿದ್ರೆ ಬರೀ ಹುಳಿ: ಗೋಕುಲಂನ ಒಂದು ಕಾಫಿ ಶಾಪ್ ಎಸ್ಪ್ರೆಸೊ ರಿವ್ಯೂ

ಮೈಸೂರಿನ ಗೋಕುಲಂ ಕಡೆ ಓಡಾಡೋರಿಗೆ ಗೊತ್ತಿರತ್ತೆ, ಯೋಗ ಕಲಿಯೋಕೆ ಹೊರದೇಶದಿಂದ ಬರೋರು ಜಾಸ್ತಿ ಇರೋದ್ರಿಂದ ಆ ಏರಿಯಾದಲ್ಲಿ ಕೆಫೆಗಳಿಗೆ ಬರ ಇಲ್ಲ. ಅದ್ರಲ್ಲಿ ನಾನು ರೆಗ್ಯುಲರ್ ಆಗಿ ಹೋಗೋ ಒಂದು ಚಿಕ್ಕ ಕಾಫಿ ಶಾಪ್ ಬಗ್ಗೆ ಬರೀತಿದೀನಿ. ಅಂಗಡಿ ಹೆಸರು ಹಾಕಲ್ಲ, ಅಲ್ಲಿ ಕೆಲ್ಸ ಮಾಡೋ ಹುಡುಗರಿಗೆ ತೊಂದ್ರೆ ಆಗೋದು ಬೇಡ, ಅಲ್ದೆ ಇಲ್ಲಿ ಹೇಳೋದು ಬೇರೆ ಎಷ್ಟೋ ಕೆಫೆಗಳಿಗೂ ಅಷ್ಟೇ ಅನ್ವಯಿಸತ್ತೆ. ಸೀಟಿಂಗ್ ಚೆನ್ನಾಗಿದೆ, ವೈಫೈ ಪರ್ವಾಗಿಲ್ಲ, ಗಾಡಿ ನಿಲ್ಸೋಕೆ ಸ್ವಲ್ಪ ಒದ್ದಾಡ್ಬೇಕು. ಅಷ್ಟು ಸಾಕು, ನಾನು ಹೇಳೋಕೆ ಬಂದಿದ್ದು ಎಸ್ಪ್ರೆಸೊ ಬಗ್ಗೆ, ಅಂದ್ರೆ ಒತ್ತಿದ ಪುಡಿ ಮೂಲಕ ಮಷೀನಲ್ಲಿ ಜೋರು ಒತ್ತಡದ ಬಿಸಿನೀರು ಹಾಯಿಸಿ ಇಳಿಸೋ ಗಟ್ಟಿ ಕಾಫಿ.

ಬೀಜದ ವಿಷ್ಯದಲ್ಲಿ ಇವರಿಗೆ ಪೂರ್ತಿ ಮಾರ್ಕ್ಸ್. ಚಿಕ್ಕಮಗಳೂರು ಕಡೆ ಎಸ್ಟೇಟ್ ಅರೇಬಿಕಾ, ಮೀಡಿಯಂ ರೋಸ್ಟ್, ಪ್ಯಾಕೆಟ್ ಮೇಲೆ ಹುರಿದ ತಾರೀಖು ದೊಡ್ಡದಾಗಿ ಹಾಕಿರ್ತಾರೆ. ಹುರಿದ ತಕ್ಷಣ ತಂದು ಸುರಿಯಲ್ಲ, ಒಂದು ವಾರ ಹತ್ತು ದಿನ ಬಿಟ್ಟು ಓಪನ್ ಮಾಡ್ತಾರೆ, ಇಲ್ದಿದ್ರೆ ಬೀಜದೊಳಗೆ ಉಳಿದಿರೋ ಗ್ಯಾಸಿಂದ ಶಾಟ್ (ಒಂದ್ಸಲಕ್ಕೆ ಇಳಿಸೋ ಎಸ್ಪ್ರೆಸೊ) ಒಂದೊಂದ್ಸಲ ಒಂದೊಂದು ಥರ ಇಳಿಯತ್ತೆ. ದೇಶದ ಕಾಫಿಲಿ ಹೆಚ್ಚುಕಮ್ಮಿ 70 ಪರ್ಸೆಂಟ್ ನಮ್ಮ ಕರ್ನಾಟಕದಲ್ಲೇ ಬೆಳೆಯೋದು, ತೋಟಗಳು ಮೈಸೂರಿಂದ ಕೆಲವೇ ಗಂಟೆ ದಾರಿ, ಹಂಗಿದ್ದೂ ಹಳೇ ಬೀಜ ಹಾಕೋ ಜಾಗಗಳನ್ನ ನೋಡಿದ್ರೆ ಬೇಜಾರಾಗತ್ತೆ. ಇಲ್ಲಿ ಆ ತೊಂದ್ರೆ ಇಲ್ಲ.

ಬೆಳಿಗ್ಗೆ ಶಿಫ್ಟಲ್ಲಿ ಒಬ್ಬ ಹುಡುಗಿ ಇರ್ತಾಳೆ, ಅವಳ ಕೆಲ್ಸ ನಿಂತು ನೋಡ್ಬೇಕು. ಮೊದ್ಲು ಪೋರ್ಟಾಫಿಲ್ಟರ್ (ಪುಡಿ ತುಂಬಿ ಮಷೀನಿಗೆ ಸಿಕ್ಕಿಸೋ ಹಿಡಿ) ತಟ್ಟಿ ಹಳೇ ಪುಡಿ ಉದುರಿಸಿ, ಅದರಲ್ಲಿ ಪುಡಿ ಕೂರೋ ಬಾಸ್ಕೆಟ್ ಒಳಗಡೆ ಒಣ ಬಟ್ಟೆಲಿ ಒರೆಸ್ತಾಳೆ, ಒಂಚೂರೂ ತೇವ ಇರೋ ಹಾಗಿಲ್ಲ. ತಕ್ಕಡಿ ಮೇಲೆ ಇಟ್ಟು 18 ಗ್ರಾಂ ಪುಡಿ, ಜಾಸ್ತಿ ಬಿತ್ತು ಅಂದ್ರೆ ಚಮಚದಲ್ಲಿ ತೆಗೀತಾಳೆ. ಪುಡಿ ಸಮ ಮಾಡಿ ನೇರವಾಗಿ ಒಂದೇ ಸಲ ಒತ್ತೋದು, ಆಮೇಲೆ ಮಷೀನಲ್ಲಿ ಬಿಸಿನೀರು ಬರೋ ಗ್ರೂಪ್ ಹೆಡ್ಡಿಂದ ಎರಡು ಸೆಕೆಂಡ್ ನೀರು ಬಿಟ್ಟು ತೊಳ್ದು, ಪೋರ್ಟಾಫಿಲ್ಟರ್ ಲಾಕ್ ಮಾಡಿದ ಕೂಡ್ಲೇ ಬಟನ್. ಲಾಕ್ ಮಾಡಿ ಬಿಲ್ ಹಾಕೋಕೆ ಹೋದ್ರೆ ಒಳಗಿನ ಬಿಸಿಗೆ ಪುಡಿ ಸುಡತ್ತೆ, ಅದು ಅವಳಿಗೆ ಗೊತ್ತು. ಕಪ್ ಕೆಳಗೂ ತಕ್ಕಡಿ, ಪಕ್ಕದಲ್ಲಿ ಟೈಮರ್, 28 ಸೆಕೆಂಡಿಗೆ 36 ಗ್ರಾಂ ಬಂತು ಅಂದ್ರೆ ಸ್ಟಾಪ್. ಒಂದಿನ ನನ್ ಶಾಟ್ 20 ಸೆಕೆಂಡಿಗೇ ಅಷ್ಟೂ ಇಳ್ದುಬಿಡ್ತು, ನಾನು ಕೈ ಚಾಚೋದ್ರೊಳಗೆ ಸಿಂಕಿಗೆ ಸುರಿದು "ಬೇಡ ಸಾರ್, ಇದು ಸರಿ ಬಂದಿಲ್ಲ, ಎರಡು ನಿಮಿಷ ಕೊಡಿ" ಅಂದ್ಲು. ಗ್ರೈಂಡರ್ ಒಂಚೂರು ಸಣ್ಣಕ್ಕೆ ತಿರುಗಿಸಿ, ಒಂದು ಶಾಟ್ ಎಳ್ದು ತಾನೇ ರುಚಿ ನೋಡಿ, ಆಮೇಲೆ ನಂಗೆ ಕೊಟ್ಲು. ಬಾಯಿಗೆ ಇಟ್ಟ ತಕ್ಷಣ ತೆಳು ಹುಳಿ, ಹಿಂದೇನೇ ಬೆಲ್ಲದ ಸಿಹಿ, ಕುಡಿದು ಎಷ್ಟೋ ಹೊತ್ತಾದ್ರೂ ಬಾಯಲ್ಲಿ ರುಚಿ ಹಂಗೇ ಇತ್ತು. ಬರಿಸ್ತಾ (ಮಷೀನಲ್ಲಿ ಕಾಫಿ ಮಾಡೋರು) ಅಂದ್ರೆ ಇವಳು ಕಣ್ರೀ.

ಮಧ್ಯಾಹ್ನ ಮೂರರ ಮೇಲೆ ಅದೇ ಅಂಗಡಿ, ಅದೇ ಮಷೀನ್, ಅದೇ ಬೀಜ, ಆದ್ರೆ ಕಪ್ಪಲ್ಲಿ ಬರೋದು ಬೇರೆನೇ. ಆ ಶಿಫ್ಟಿನ ಹುಡುಗ ಒಳ್ಳೆಯವನು, ನಗ್ತಾ ಮಾತಾಡಿಸ್ತಾನೆ, ಆದ್ರೆ ಅವನಿಗೆ ಯಾರೂ ಕಲಿಸಿಲ್ಲ ಅನ್ನೋದು ಎದ್ದು ಕಾಣತ್ತೆ. ತಕ್ಕಡಿ ಮೂಲೆಲಿ ಬಿದ್ದಿರತ್ತೆ, ಪುಡಿ ಕಣ್ಣಂದಾಜು, ಪುಡಿ ಒತ್ತೋ ಟ್ಯಾಂಪರ್ ವಾರೆ, ಒತ್ತಿದ್ಮೇಲೆ ಪೋರ್ಟಾಫಿಲ್ಟರ್ ಅಂಚಿಗೆ ಟಪ್ ಅಂತ ಒಂದು ಏಟು. ಆ ಏಟಿಗೆ ಪುಡಿಲಿ ಬಿರುಕು ಬೀಳತ್ತೆ, 9 ಬಾರ್ ಒತ್ತಡದಲ್ಲಿ ಬರೋ ನೀರು ಗಟ್ಟಿ ಇರೋ ಕಡೆ ಬಿಟ್ಟು ಆ ಬಿರುಕಲ್ಲೇ ನುಗ್ಗತ್ತೆ, ಒಂದು ಕಡೆ ಪುಡಿ ಕಹಿ ಬಿಡತ್ತೆ ಇನ್ನೊಂದು ಕಡೆ ಪುಡಿಯಿಂದ ಏನೂ ಇಳಿಯಲ್ಲ. ಹದಿನೈದು ಸೆಕೆಂಡಿಗೆ ಕಪ್ ತುಂಬಿರತ್ತೆ, ಬಣ್ಣ ಬಿಳಚಿಕೊಂಡಿರತ್ತೆ. ಬೆಳಿಗ್ಗೆ ಇಟ್ಟ ಗ್ರೈಂಡರ್ ಸೆಟ್ಟಿಂಗ್ ಮಧ್ಯಾಹ್ನಕ್ಕೂ ಸರಿ ಇರತ್ತೆ ಅಂತ ಏನಿಲ್ಲ, ಗ್ರೈಂಡರ್ ಬಿಸಿಯಾಗಿರತ್ತೆ, ಅದರ ಮೇಲಿನ ಹಾಪರ್ ಡಬ್ಬದಲ್ಲಿ ಬೀಜ ಗಾಳಿಗೆ ಕೂತಿರತ್ತೆ, ಮಳೆಗಾಲದಲ್ಲಂತೂ ಹವೆ ಬದಲಾದ್ರೆ ಶಾಟೂ ಬದಲಾಗತ್ತೆ. ರುಚಿ ನೋಡಿದ್ರೆ ತಾನೇ ಗೊತ್ತಾಗೋದು, ಅವನು ನೋಡಲ್ಲ.

ನಾನು ಕೇಳ್ದೆ, "ಬ್ರೋ, ತುಂಬಾ ಹುಳಿ ಇದೆ, ಇನ್ನೊಂದು ಮಾಡ್ಕೊಡ್ತೀರಾ?" ಅಂತ. "ಅರೇಬಿಕಾ ಅಲ್ವಾ ಸಾರ್, ಹುಳಿನೇ ಇರೋದು" ಅಂದ. ಈ ಮಾತು ಎಷ್ಟೋ ಕಡೆ ಕೇಳಿದೀನಿ, ಇದು ತಪ್ಪು ಅಂತ ಜೋರಾಗೇ ಹೇಳ್ಬೇಕು. ಅರೇಬಿಕಾದಲ್ಲಿ ಹುಳಿ ಇರತ್ತೆ ನಿಜ, ಅದು ಕೊಡಗಿನ ಕಿತ್ತಳೆ ತೊಳೆ ಬಾಯಿಗಿಟ್ಟಾಗ ಬರತ್ತಲ್ಲ ಆ ಥರ, ಸಿಹಿ ಜೊತೆಗಿರತ್ತೆ. ನೀರು ಸರಸರ ಓಡಿಹೋಗಿ ಪುಡಿಯಿಂದ ಸಿಹಿ ಇಳಿಯೋಕೆ ಟೈಮೇ ಸಿಗದೆ ಬರೋ ಹುಳಿ ಬೇರೆ, ಅದು ನಾಲಿಗೆ ಪಕ್ಕ ಚುಚ್ಚತ್ತೆ, ಉಪ್ಪುಪ್ಪಾಗಿರತ್ತೆ, ನುಂಗಿದ್ಮೇಲೆ ಏನೂ ಉಳಿಯಲ್ಲ. ಮೇಲಿನ ಕ್ರೀಮಾ, ಅಂದ್ರೆ ಕಂದು ನೊರೆ, ದಪ್ಪ ಇದ್ರೆ ಒಳ್ಳೇ ಎಸ್ಪ್ರೆಸೊ ಅಂತ ಕೆಲವ್ರು ಹೇಳ್ತಾರೆ, ಅದನ್ನೂ ನಂಬಬೇಡಿ. ರೊಬಸ್ಟಾ ಬೆರೆಸಿದ್ರೆ ಕ್ರೀಮಾ ದಪ್ಪ ಬಂದೇ ಬರತ್ತೆ, ಹೊಸದಾಗಿ ಹುರಿದ ಬೀಜಕ್ಕೂ ನೊರೆ ಜಾಸ್ತಿ. ಚಮಚದಲ್ಲಿ ಚೆನ್ನಾಗಿ ಕಲಸಿ ಕುಡೀರಿ, ಆಗ ಗೊತ್ತಾಗತ್ತೆ.

ನಂಗೆ ಅರ್ಥ ಆಗದೇ ಇರೋದು ನಮ್ಮ ಜನರ ಮೌನ. ದರ್ಶಿನಿಲಿ ಡಿಕಾಕ್ಷನ್ ಸ್ವಲ್ಪ ಹಳೇದಾಗಿದ್ರೂ "ಏನ್ ಸ್ವಾಮಿ, ಬೆಳಗಿಂದು ಕೊಟ್ಬಿಟ್ರಾ, ಫ್ರೆಶ್ ಹಾಕಿ" ಅಂತ ಕೌಂಟರಲ್ಲೇ ಹೇಳೋ ಜನ ನಾವು, ಅವರೂ ಮರುಮಾತಾಡದೆ ಹೊಸದು ಹಾಕ್ಕೊಡ್ತಾರೆ. ಅದಕ್ಕೆ ಕೊಡೋ ದುಡ್ಡಿನ ಎಷ್ಟೋ ಪಟ್ಟು ಕೊಟ್ಟು ಎಸ್ಪ್ರೆಸೊ ತಗೊಂಡಾಗ ಮಾತ್ರ ಮುಖ ಕಿವುಚಿಕೊಂಡು ಸಕ್ಕರೆ ಸುರ್ಕೊಂಡು ಕುಡೀತೀವಿ, ಇದು ಇರೋದೇ ಹೀಗೇನೋ ಅಂತ. ಕಾಫಿ ರುಚಿ ಗೊತ್ತಿರೋ ನಾಲಿಗೆ ನಮ್ದು, ಇಲ್ಲೂ ಕೇಳೋಣ.

ಹಾಲಿನ ವಿಷ್ಯ. ಕ್ಯಾಪುಚಿನೊ ಬೆಳಿಗ್ಗೆ ಚೆನ್ನಾಗಿರತ್ತೆ, ಹಾಲು 60–65 ಡಿಗ್ರಿಗೆ ನಿಲ್ಸಿರ್ತಾರೆ, ನೊರೆ ನಯವಾಗಿರತ್ತೆ. ನಮ್ಮವರು ಎಕ್ಸ್ಟ್ರಾ ಹಾಟ್ ಕೇಳ್ತಾರೆ, ಅದಕ್ಕಿಂತ ಜಾಸ್ತಿ ಬಿಸಿ ಮಾಡಿದ್ರೆ ಹಾಲಿನ ಸಿಹಿ ಹೋಗಿ ಕಾಯಿಸಿದ ವಾಸನೆ ಬರತ್ತೆ. ಮಧ್ಯಾಹ್ನ ಸ್ಟೀಮ್ ವ್ಯಾಂಡ್ (ಹಾಲಿಗೆ ಹಬೆ ಬಿಡೋ ಕೊಳವೆ) ಒರೆಸೋ ಬಟ್ಟೆನೇ ಕೌಂಟರಿಗೂ ಬಳಸ್ತಿದ್ದಿದ್ದು ಕಣ್ಣಿಗೆ ಬಿತ್ತು. ಇದು ರುಚಿ ಪ್ರಶ್ನೆ ಅಲ್ಲ, ಶುಚಿ ಪ್ರಶ್ನೆ, ಓನರ್ ಇದನ್ನ ಇವತ್ತೇ ಸರಿ ಮಾಡ್ಬೇಕು.

2000ದಲ್ಲಿ ಮಾಂಟೆ ಕಾರ್ಲೋದಲ್ಲಿ ಶುರುವಾದ ವರ್ಲ್ಡ್ ಬರಿಸ್ತಾ ಚಾಂಪಿಯನ್‌ಶಿಪ್ಪಲ್ಲಿ 15 ನಿಮಿಷದಲ್ಲಿ 12 ಡ್ರಿಂಕ್ ಮಾಡ್ಬೇಕು, ಅಷ್ಟು ಅವಸರದಲ್ಲೂ ಗ್ರೂಪ್ ಹೆಡ್ ತೊಳ್ದನಾ, ಬಾಸ್ಕೆಟ್ ಒಣಗಿತ್ತಾ ಅಂತ ಜಡ್ಜುಗಳು ಪಕ್ಕದಲ್ಲೇ ನಿಂತು ನೋಡ್ತಾರೆ. ಆ ಲೆವೆಲ್ ಯಾರೂ ಕೇಳ್ತಿಲ್ಲ. ಆದ್ರೆ ಲಕ್ಷಗಟ್ಟಲೆ ಸುರಿದು ಇಟಲಿ ಮಷೀನ್ ತಂದಿರೋ ಓನರ್, ಅದರ ಮುಂದೆ ನಿಲ್ಲೋ ಹುಡುಗನಿಗೆ ನಾಲ್ಕು ದಿನ ಟ್ರೈನಿಂಗ್ ಕೊಡಿಸ್ಬೋದು. ಬೆಂಗಳೂರಲ್ಲಿ ಕಾಫಿ ಬೋರ್ಡಿನವರೇ ತರಬೇತಿ ನಡೆಸ್ತಾರೆ. ಅದೂ ಬೇಡ, ಬೆಳಿಗ್ಗೆ ಶಿಫ್ಟಿನ ಹುಡುಗಿ ಹೋಗೋ ಮುಂಚೆ ಅರ್ಧ ಗಂಟೆ ಇವನ ಜೊತೆ ನಿಂತು ಗ್ರೈಂಡರ್ ಸೆಟ್ ಮಾಡಿಸಿದ್ರೂ ಸಾಕು, ಅವಳಿಗೆ ಆ ಅರ್ಧ ಗಂಟೆದು ದುಡ್ಡು ಕೊಡಿ.

ಹೋಗೋರು ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ, ಮೊದ್ಲು ಹಾಲಿಲ್ಲದ ಎಸ್ಪ್ರೆಸೊ ಹೇಳಿ, ಜೊತೆಗೆ ಒಂದು ಲೋಟ ನೀರು. ಮಧ್ಯಾಹ್ನ ಹೋದ್ರೆ ಸದ್ಯಕ್ಕೆ ಪೋರ್ ಓವರ್ (ಪುಡಿ ಮೇಲೆ ಕೈಯಲ್ಲೇ ಬಿಸಿನೀರು ಸುರಿದು ಸೋಸೋ ಕಾಫಿ) ತಗೊಳ್ಳಿ, ಅದನ್ನ ಆ ಹುಡುಗ ಚೆನ್ನಾಗಿ ಮಾಡ್ತಾನೆ. ಎಸ್ಪ್ರೆಸೊನೇ ಬೇಕು ಅಂದ್ರೆ "ತಕ್ಕಡಿ ಮೇಲಿಟ್ಟು ಮಾಡಪ್ಪಾ" ಅಂತ ಕೇಳಿ ಮಾಡಿಸ್ಕೊಳ್ಳಿ, ಕೇಳಿದ್ರೆ ಇಲ್ಲ ಅನ್ನಲ್ಲ.