ಹುಮನಾಬಾದಿನಿಂದ ಎಡಕ್ಕೋ ಬಲಕ್ಕೋ: ಮೂರು ರಾಜ್ಯದ ರಸ್ತೆ, ಸೊರಗಿದ ಊರು, ಕೆರೆ ದಂಡೆ

ಕಲಬುರಗಿಯಿಂದ 50ನೇ ರಾಷ್ಟ್ರೀಯ ಹೆದ್ದಾರಿ ಹಿಡಿದು ಉತ್ತರಕ್ಕೆ ಸುಮಾರು 60 ಕಿ.ಮೀ. ಹೋದರೆ ಹುಮನಾಬಾದ್. ಅಲ್ಲಿ 65ನೇ ಹೆದ್ದಾರಿ ಅಡ್ಡ ಸಿಗುತ್ತದೆ. ಎಡಕ್ಕೆ ಮಹಾರಾಷ್ಟ್ರದ ಉಮರ್ಗಾ, ಸೊಲ್ಲಾಪುರ. ಬಲಕ್ಕೆ ತೆಲಂಗಾಣದ ಜಹೀರಾಬಾದ್, ಹೈದರಾಬಾದ್. ಈ ನಾಲ್ಕು ಪಥದ ರಸ್ತೆ ನೋಡಿ ಯಾವ ರಾಜ್ಯದ್ದು ಚಲೋ ಎಂದು ತೀರ್ಪು ಕೊಡಬೇಡಿ. ಮೂರೂ ಕಡೆ ಅದು ಕೇಂದ್ರದ ರಸ್ತೆ, ಟೋಲ್ ಕಟ್ಟಿ ಓಡಾಡುವ ರಸ್ತೆ. ನಿಜವಾದ ಪರೀಕ್ಷೆ ಇರುವುದು ಹಳ್ಳಿ ಕಡೆ ಇಳಿಯುವ ಒಳದಾರಿಗಳಲ್ಲಿ.

ಅಲ್ಲಿ ಗಡಿಗಿಂತ ಮಣ್ಣಿನ ಮಾತೇ ಹೆಚ್ಚು ನಡೆಯುತ್ತದೆ. ಕಲಬುರಗಿ, ಆಳಂದ, ಉಮರ್ಗಾ ಎಲ್ಲ ಎರೆಭೂಮಿ, ಅಂದರೆ ಕಪ್ಪು ಜಿಗುಟು ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ರಸ್ತೆಯ ಅಂಚು ಮೊದಲು ಒಣಗುವುದರಿಂದ ಡಾಂಬರಿನ ಅಂಚಿಗುಂಟ ಉದ್ದುದ್ದ ಬಿರುಕು ಬೀಳುತ್ತದೆ; ಅದರಲ್ಲಿ ನೀರು ಇಳಿದು ತಳ ಮೆತ್ತಗಾದರೆ ಲಾರಿ ಗಾಲಿಗೆ ತಗ್ಗು ಬೀಳುವುದು ಖಂಡಿತ. ಎರೆಮಣ್ಣು ತೆಗೆದು ಮುರುಮು (ಗರಸು ಮಣ್ಣು) ಹಾಕಿ ಕುಟ್ಟಬೇಕು, ಎರಡೂ ಬದಿ ಚರಂಡಿ ತೋಡಬೇಕು. ಚರಂಡಿ ಬಿಟ್ಟು ಮೇಲೆ ಬರೀ ಡಾಂಬರು ಬಳಿದರೆ ದುಡ್ಡು ನೀರುಪಾಲು. ಬೀದರ್ ಸಮೀಪಿಸಿದಂತೆ ನೆಲ ಕೆಂಪಾಗುತ್ತದೆ, ಜಂಬಿಟ್ಟಿಗೆ ಕಲ್ಲಿನ ಗಟ್ಟಿ ತಳ. ಜಹೀರಾಬಾದ್ ಕಡೆಯೂ ಈ ಕೆಂಪು ನೆಲವಿದೆ. 1956ರವರೆಗೆ ಜಹೀರಾಬಾದ್ ಬೀದರ್ ಜಿಲ್ಲೆಯಲ್ಲೇ ಇತ್ತು. ರಾಜ್ಯ ಬೇರೆಯಾಯಿತು, ನೆಲ ಅದೇ ಉಳಿಯಿತು. ಸೇಡಂ, ಚಿತ್ತಾಪುರದ ಕಡೆ ಇನ್ನೊಂದು ಕಾಟ: ಸಿಮೆಂಟ್ ಲಾರಿಗಳ ಭಾರಕ್ಕೆ ಗಾಲಿ ಹಾದಿ ಹಳ್ಳ ಬೀಳುತ್ತದೆ. ಬೈಕಿನವರು ಆ ಎರಡು ಹಳ್ಳಗಳ ನಡುವಿನ ದಿಬ್ಬದ ಮೇಲೆ ಓಡಿಸಬಾರದು, ಗಾಲಿ ಜಾರುತ್ತದೆ.

ಕಬ್ಬಿನ ಹಂಗಾಮಿನಲ್ಲಿ ರಾತ್ರಿ ಪ್ರಯಾಣ ಬೇಡವೇ ಬೇಡ. ಹಿಂದೆ ದೀಪವಿಲ್ಲದ ಜೋಡಿ ಟ್ರೇಲರ್ ಟ್ರ್ಯಾಕ್ಟರ್ ಹತ್ತಿರ ಬರುವವರೆಗೂ ಕಾಣುವುದಿಲ್ಲ.

ಊರುಗಳ ಮಾತು. ಸೊಲ್ಲಾಪುರದ ದೊಡ್ಡ ಬಟ್ಟೆ ಗಿರಣಿಗಳು ಮುಚ್ಚಿ ಹೋಗಿವೆ. ಆದರೂ ನೀರಿನ ನಡುವೆ ನಿಂತ ಸಿದ್ಧೇಶ್ವರ ಗುಡಿಯ ಕೆರೆ ಆ ಊರಿನ ಜೀವ. ಕಲಬುರಗಿಗೂ ಅಂಥ ಭಾಗ್ಯವಿದೆ, ಅಪ್ಪನ ಕೆರೆ. ಆದರೆ ಚರಂಡಿ ನೀರು ಬಂದು ಸೇರುವುದನ್ನು ತಡೆಯದೆ ದಂಡೆಗೆ ಎಷ್ಟು ತೋಟ ಮಾಡಿದರೂ ಕೂರಲಾಗದು. ಹೈದರಾಬಾದಿನ ಹುಸೇನ್ ಸಾಗರಕ್ಕೂ ಕೊಳಚೆ ನಾಲೆಗಳಿಂದ ಇದೇ ರೋಗ. ಅಲ್ಲಿ ರಾತ್ರಿಯ ದೀಪ ಚೆಂದ, ಗಾಳಿ ಚೆಂದವಿಲ್ಲ.

ನೀರು ನೋಡಲೆಂದೇ ಹೊರಡುವವರಿಗೆ ಚಿಂಚೋಳಿ ಆಚೆಯ ಚಂದ್ರಂಪಳ್ಳಿ ಜಲಾಶಯವೇ ನಮ್ಮ ಮೊದಲ ಆಯ್ಕೆ. ಸುತ್ತ ಗುಡ್ಡ, ಕುರುಚಲು ಕಾಡು. ಸೆಪ್ಟೆಂಬರಿನಿಂದ ಜನವರಿವರೆಗೆ ನೀರೂ ಹಸಿರೂ ಇರುತ್ತದೆ. ಏಪ್ರಿಲ್‌ನಲ್ಲಿ ಹೋದರೆ ಬರೀ ಬಿಸಿಲು. ವನ್ಯಧಾಮದೊಳಗಿನ ಜಾಗವಾದ್ದರಿಂದ ಕತ್ತಲಾಗುವ ಮೊದಲೇ ಹೊರಬರಬೇಕು. ಚಿಂಚೋಳಿಯಲ್ಲೇ ಪೆಟ್ರೋಲ್ ತುಂಬಿಸಿ, ಕುಡಿಯುವ ನೀರು, ಬುತ್ತಿ ಕಟ್ಟಿಕೊಳ್ಳಿ, ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿ.

ಹಕ್ಕಿ ಬೇಕೆಂದರೆ ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಬೋನಾಳ ಕೆರೆ. ಸುರಪುರದ ಅರಸರ ಕಾಲದ್ದು. ಚಳಿಗಾಲದ ಬೆಳಗ್ಗೆ ಬಿಸಿಲೇರುವ ಮೊದಲು ದಂಡೆ ಮೇಲಿರಿ; ಕೆಂಬಣ್ಣದ ಬಕ, ಹಣೆಗೆ ಬಿಳಿ ನಾಮದ ನೀರುಹಕ್ಕಿ ನಾಮಕೋಳಿ ಕಾಣಸಿಗುತ್ತವೆ. ದುರ್ಬೀನು ಒಯ್ಯಿರಿ, ಹಾರ್ನ್ ಬಾರಿಸಬೇಡಿ. ಮಳೆ ಬಂದ ಮರುದಿನವಾದರೆ ಕಾರು ಡಾಂಬರಿನ ಮೇಲೇ ನಿಲ್ಲಿಸಿ ನಡೆದುಹೋಗಿ. ಎರೆಯಲ್ಲಿ ಹೂತ ಗಾಲಿ ಎತ್ತಲು ಟ್ರ್ಯಾಕ್ಟರೇ ಬರಬೇಕು.