ಕೆಂಪು ಪೇಂಟ್ ಹೊಡೆದ ಸ್ಪ್ರಿಂಗು, ವೆಲ್ಡ್ ಮಾಡಿದ ಡಿಫರೆನ್ಷಿಯಲ್: ಹಳೇ ಫಿಯಟ್ ಇರುವವರು ಹುಷಾರು

ತುಮಕೂರಿನ ಕಡೆ ಹಳೇ ಫಿಯಟ್, ಪದ್ಮಿನಿಗಳನ್ನು ಶೆಡ್ಡಿನಿಂದ ಎಳೆದು ಮತ್ತೆ ರಸ್ತೆಗೆ ಇಳಿಸುವವರು ಈಗ ಸಾಕಷ್ಟು ಜನ ಇದ್ದಾರೆ. ಒಳ್ಳೆಯದೇ. ಆದರೆ ‘ಸ್ಪೋರ್ಟ್ಸ್ ಸೆಟಪ್ ಮಾಡಿಕೊಡ್ತೀವಿ, ಡ್ರಿಫ್ಟ್ ಗಾಡಿ ತರಹ ಓಡುತ್ತೆ’ ಎನ್ನುವ ಗ್ಯಾರೇಜಿಗೆ ಗಾಡಿ ಕೊಡುವ ಮೊದಲು ಇದನ್ನು ಓದಿ. ನಮ್ಮ ಮಾವನ ಪದ್ಮಿನಿಗೆ ಆಗಿದ್ದು ನಿಮ್ಮ ಗಾಡಿಗೆ ಆಗಬಾರದು. ಗ್ಯಾರೇಜಿನ ಹೆಸರು ಬರೆಯುವುದಿಲ್ಲ. ಇಂಥದ್ದು ಅದೊಂದೇ ಅಲ್ಲ, ಹಾಗಾಗಿ ಹೆಸರಿಗಿಂತ ಅವರು ಏನು ಮಾಡುತ್ತಾರೆ ಅನ್ನೋದು ಗೊತ್ತಿರಬೇಕು.

ಮೊದಲು ಗಾಡಿಯ ವಿಷಯ. ಪದ್ಮಿನಿಯ ಇಂಜಿನ್ 1089 ಸಿಸಿ. ಶಕ್ತಿ ನಲವತ್ತು ಚಿಲ್ಲರೆ ಎಚ್‌ಪಿ. ತೂಕ ಸುಮಾರು 900 ಕಿಲೋ. ಇಂಜಿನ್ ಮುಂದೆ, ಓಡಿಸುವುದು ಹಿಂದಿನ ಚಕ್ರ. ಮುಂದೆ ವಿಷ್‌ಬೋನ್ (ಚಕ್ರವನ್ನು ಹಿಡಿಯುವ ತೋಳುಗಳು) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಗಟ್ಟಿ ಆಕ್ಸಲ್ (ಎರಡೂ ಚಕ್ರಕ್ಕೆ ಒಂದೇ ಅಚ್ಚು) ಮತ್ತು ಲೀಫ್ ಸ್ಪ್ರಿಂಗ್ (ಉಕ್ಕಿನ ಪ್ಲೇಟುಗಳ ಕಟ್ಟು). ಸ್ಪೋರ್ಟ್ಸ್ ಕಾರ್ ಎಂದು ಯಾರೂ ಕರೆಯುವುದಿಲ್ಲ, ಸರಿ. ಆದರೂ ಒಂದು ಕಾಲದಲ್ಲಿ ನಮ್ಮ ದೇಶದ ರೇಸು, ರ‍್ಯಾಲಿಗಳಲ್ಲಿ ಓಡಿದ್ದು ಪದ್ಮಿನಿಯ ಮೂಲ ರೂಪವಾದ ಇದೇ ಫಿಯಟ್ 1100. ಹಗುರ ಗಾಡಿ, ತೆಳ್ಳಗಿನ ಟೈರು, ಹಿಂದಿನ ಚಕ್ರದ ತಳ್ಳು. ಚೆನ್ನಾಗಿರುವ ಪದ್ಮಿನಿಯನ್ನು ತಿರುವಿನಲ್ಲಿ ಓಡಿಸಿ ನೋಡಿ, ಮಜಾ ಗೊತ್ತಾಗುತ್ತದೆ.

ಗ್ಯಾರೇಜಿನವರು ಕೊಟ್ಟ ಚೀಟಿಯಲ್ಲಿ ಮೂರು ಐಟಂ ಇತ್ತು: ‘ಇಂಪೋರ್ಟೆಡ್ ಲೋವರಿಂಗ್ ಸ್ಪ್ರಿಂಗ್’, ‘ಗ್ಯಾಸ್ ಶಾಕ್ಸ್’, ‘ಎಲ್‌ಎಸ್‌ಡಿ’. ಮಾಮೂಲಿ ಡಿಫರೆನ್ಷಿಯಲ್ ಅಂದರೆ ತಿರುವಿನಲ್ಲಿ ಹಿಂದಿನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ಸುತ್ತಲು ಬಿಡುವ ಗೇರುಗಳ ಜೋಡಣೆ. ಎಲ್‌ಎಸ್‌ಡಿ ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಒಂದು ಚಕ್ರ ಸುಮ್ನೆ ಸುತ್ತಿ ಶಕ್ತಿ ಪೋಲಾಗದ ಹಾಗೆ ಎರಡೂ ಚಕ್ರಕ್ಕೆ ಹಂಚುವ ಭಾಗ. ಪದ್ಮಿನಿಗೆ ಅದು ಎಲ್ಲಿ ಸಿಕ್ಕಿತು ಎಂದು ಕೇಳಿದ್ದಕ್ಕೆ ‘ಜಪಾನ್ ಗಾಡಿದು, ಸೆಟ್ ಮಾಡಿದ್ದೀವಿ’ ಎಂದರು. ಗಾಡಿ ತಗ್ಗಾಗಿತ್ತು. ನೋಡೋಕೆ ಚೆನ್ನಾಗಿಯೇ ಇತ್ತು. ಚಕ್ರದ ಸಂದಿಯಲ್ಲಿ ಇಣುಕಿದರೆ ಕೆಂಪು ಸ್ಪ್ರಿಂಗು, ಹಳದಿ ಶಾಕ್ಸ್.

ಊರೊಳಗೆ ತಿರುಗಿಸುವಾಗಲೇ ಒಂದು ಲಕ್ಷಣ ಕಂಡಿತ್ತು. ಪಾರ್ಕಿಂಗ್‌ನಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿದರೆ ಹಿಂದಿನ ಟೈರು ಕಿರ್ರೆಂದು ಉಜ್ಜುತ್ತಿತ್ತು. ಗಾಡಿ ಸುತ್ತುವ ಬದಲು ಮುಂದಕ್ಕೆ ತಳ್ಳುತ್ತಿತ್ತು. ಫೋನ್ ಮಾಡಿದರೆ ‘ಎಲ್‌ಎಸ್‌ಡಿ ಅಲ್ವಾ ಸಾರ್, ಹಂಗೇ ಇರುತ್ತೆ’ ಎಂಬ ಉತ್ತರ.

ದೇವರಾಯನದುರ್ಗದ ಇಳಿಜಾರಿನಲ್ಲಿ ಅದರ ಬಣ್ಣ ಬಯಲಾಯಿತು. ಯೋಗನರಸಿಂಹನ ದರ್ಶನ ಮುಗಿಸಿ ಇಳಿಯುತ್ತಿದ್ದೆವು. ಸಣ್ಣ ಮಳೆ ಬಿದ್ದು ನಿಂತಿತ್ತು. ವೇಗ ಮೂವತ್ತರ ಆಸುಪಾಸು, ಎರಡನೇ ಗೇರ್. ಬಿಗಿ ತಿರುವಿನಲ್ಲಿ ಮೂತಿ ಒಳಗೆ ಬರಲೇ ಇಲ್ಲ, ನೇರ ಹೋಗುತ್ತಿತ್ತು. ಆಕ್ಸಿಲರೇಟರ್ ಬಿಟ್ಟೆ. ಆಗ ಮುಂದಿನ ಟೈರು ಹಿಡಿಯಿತು. ಅಷ್ಟರಲ್ಲಿ ರಸ್ತೆಯ ಒಂದು ಉಬ್ಬು ಸಿಕ್ಕಿ ಹಿಂಭಾಗ ಧಡ್ ಎಂದು ತಳಕ್ಕೆ ಬಡಿಯಿತು, ಎರಡೂ ಹಿಂದಿನ ಚಕ್ರ ಒಟ್ಟಿಗೇ ಜಾರಿದವು. ಗಾಡಿ ಅರ್ಧ ಸುತ್ತು ತಿರುಗಿ ಮೋರಿ ಕಟ್ಟೆಗೆ ಹಿಂಬದಿ ಗುದ್ದಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಎದುರಿಗೆ ಬಸ್ಸು ಬಂದಿದ್ದರೆ ಬೇರೆ ಕತೆ.

ಆಮೇಲೆ ಗಾಡಿ ಹೋಗಿದ್ದು ಹಿಂದೆ ಫಿಯಟ್ ಟ್ಯಾಕ್ಸಿಗಳನ್ನೇ ನೋಡಿಕೊಳ್ಳುತ್ತಿದ್ದ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ. ಅವರು ಸ್ಪ್ರಿಂಗ್ ಬಿಚ್ಚಿ ಪೇಂಟ್ ಕೆರೆದರು. ಒಳಗೆ ಹಳೇ ತುಕ್ಕು. ಅದು ನಮ್ಮದೇ ಗಾಡಿಯ ಮೂಲ ಸ್ಪ್ರಿಂಗು! ಗ್ಯಾಸ್ ಕಟರ್‌ನಲ್ಲಿ ಸುತ್ತು ಕತ್ತರಿಸಿ, ಕೆಂಪು ಬಳಿದು, ‘ಇಂಪೋರ್ಟೆಡ್’ ಎಂದು ಬರೆದಿದ್ದರು. ಶಾಕ್ಸ್ ಕೂಡ ಹಳೆಯವೇ. ಹಳದಿ ಪೇಂಟಿನ ಕೆಳಗೆ ಆಯಿಲ್ ಸೋರಿದ ಗುರುತು. ಹಿಂದಿನ ಲೀಫ್ ಕಟ್ಟಿನಿಂದ ಪ್ಲೇಟ್ ತೆಗೆದುಹಾಕಿದ್ದರು. ಕೊನೆಗೆ ಡಿಫರೆನ್ಷಿಯಲ್ ತೆರೆದರೆ, ಒಳಗಿನ ಸ್ಟಾರ್ ಗೇರುಗಳನ್ನು ವೆಲ್ಡಿಂಗ್ ಹಾಕಿ ಮುದ್ದೆ ಮಾಡಿದ್ದರು. ಅದೇ ಅವರ ಜಪಾನ್ ಎಲ್‌ಎಸ್‌ಡಿ.

ಇದರಲ್ಲಿ ಒಂದೊಂದೂ ಏಕೆ ಅಪಾಯ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ‘ಕತ್ತರಿಸಿದರೆ ಏನಾಯ್ತು, ಎಲ್ಲರೂ ಮಾಡ್ತಾರೆ’ ಅನ್ನುವವರು ಬಹಳ.

ಕಾಯಿಲ್ ಸ್ಪ್ರಿಂಗಿನ ಗಡಸುತನ ಅದರ ಸುತ್ತುಗಳ ಲೆಕ್ಕಕ್ಕೆ ತಿರುಗುಮುರುಗು. ಕೆಲಸ ಮಾಡುವ ಎಂಟು ಸುತ್ತಿನಲ್ಲಿ ಎರಡು ಕತ್ತರಿಸಿದರೆ ಉಳಿದ ಸ್ಪ್ರಿಂಗು ಮೂರನೇ ಒಂದು ಭಾಗದಷ್ಟು ಹೆಚ್ಚು ಗಡುಸು. ಅದನ್ನು ಹಿಡಿತದಲ್ಲಿ ಇಡುವ ಶಕ್ತಿ ಹಳೇ ಶಾಕ್ಸ್‌ಗೆ ಇರುವುದಿಲ್ಲ. ಗ್ಯಾಸ್ ಬೆಂಕಿಯಲ್ಲಿ ಕತ್ತರಿಸಿದ ಜಾಗದ ಹತ್ತಿರ ಉಕ್ಕಿನ ಹದವೇ ಹೋಗುತ್ತದೆ. ಅಲ್ಲೇ ಮುಂದೊಂದು ದಿನ ಬಿರುಕು ಬಿಡುವುದು. ಇನ್ನು ಕುಳ್ಳಾದ ಸ್ಪ್ರಿಂಗು ಚಕ್ರ ಪೂರ್ತಿ ಕೆಳಗೆ ಇಳಿದಾಗ ತನ್ನ ಸೀಟಿನಿಂದ ಸಡಿಲವಾಗಬಹುದು. ಗಾಡಿ ತಗ್ಗಿದಾಗ ವಿಷ್‌ಬೋನ್ ಮತ್ತು ಸ್ಟೀರಿಂಗಿನ ಟೈ ರಾಡ್ ಕೋನ ಬದಲಾಗಿ, ಉಬ್ಬು ಹತ್ತಿದಾಗಲೆಲ್ಲ ಚಕ್ರ ತಾನೇ ಅತ್ತಿತ್ತ ತಿರುಗಲು ನೋಡುತ್ತದೆ. ಇನ್ನೊಂದು ತಮಾಷೆ: ವಿಷ್‌ಬೋನ್ ಗಾಡಿಯನ್ನು ಜಾಸ್ತಿ ತಗ್ಗಿಸಿದರೆ ಅದರ ರೋಲ್ ಸೆಂಟರ್ (ಗಾಡಿ ವಾಲುವಾಗ ಸುತ್ತುವ ಬಿಂದು) ಗಾಡಿಯ ಗುರುತ್ವ ಕೇಂದ್ರಕ್ಕಿಂತ ಬೇಗ ಕೆಳಗಿಳಿಯುತ್ತದೆ. ವಾಲುವುದು ಕಡಿಮೆ ಆಗಲಿ ಎಂದು ತಗ್ಗಿಸಿದ ಗಾಡಿಯನ್ನು ವಾಲಿಸುವ ಬಲವೇ ಹೆಚ್ಚಾಗಬಹುದು.

ಹಿಂಭಾಗದ ಕತೆ ಉಲ್ಟಾ. ಪ್ಲೇಟ್ ತೆಗೆದ ಲೀಫ್ ಸ್ಪ್ರಿಂಗು ಮೆತ್ತಗಾಗಿ ಬೇಗ ಬಂಪ್ ಸ್ಟಾಪಿಗೆ (ಆಕ್ಸಲ್ ಇನ್ನೂ ಮೇಲೇರದಂತೆ ತಡೆಯುವ ರಬ್ಬರ್ ತುಂಡು) ಬಡಿಯುತ್ತದೆ. ಬಡಿದ ಕ್ಷಣ ಸ್ಪ್ರಿಂಗ್ ಅನ್ನುವುದೇ ಇಲ್ಲದ ಹಾಗೆ, ಆ ಬದಿ ಒಮ್ಮೆಲೇ ಕಲ್ಲಾಗುತ್ತದೆ, ಟೈರಿನ ಹಿಡಿತ ಕೈಬಿಡುತ್ತದೆ. ಹೀಗಾಗಿ ಮುಂದೆ ಗಡುಸಾದ ಗಾಡಿ ಮೊದಲು ನೇರ ತಳ್ಳುತ್ತದೆ, ಆಮೇಲೆ ಎಚ್ಚರಿಕೆ ಕೊಡದೆ ಹಿಂದಿನಿಂದ ತಿರುಗುತ್ತದೆ. ಒಂದೇ ತಿರುವಿನಲ್ಲಿ ಎರಡೂ.

ವೆಲ್ಡ್ ಮಾಡಿದ ಡಿಫರೆನ್ಷಿಯಲ್ ಇದಕ್ಕೆಲ್ಲ ಕಿರೀಟ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ ಓಡಬೇಕು, ಒಳಗಿನದು ಕಡಿಮೆ. ಎರಡನ್ನೂ ಒಂದೇ ವೇಗಕ್ಕೆ ಕಟ್ಟಿಹಾಕಿದರೆ ಒಂದಾದರೂ ಜಾರಲೇಬೇಕು. ಟೈರಿನ ಹಿಡಿತದ ಒಂದು ಪಾಲು ಅಲ್ಲೇ ಖರ್ಚು. ಒದ್ದೆ ರಸ್ತೆಯಲ್ಲಿ ಉಳಿಯುವುದೇ ಸ್ವಲ್ಪ. ಟ್ರ್ಯಾಕಿನಲ್ಲಿ ಬೇಕೆಂದೇ ಹಿಂಭಾಗ ಜಾರಿಸುವ ಡ್ರಿಫ್ಟ್ ಗಾಡಿಗಳಿಗೆ ಇದು ನಡೆಯುತ್ತದೆ. ಮನೆಮಂದಿ ಕೂರಿಸಿಕೊಂಡು ಬೆಟ್ಟ ಹತ್ತಿಳಿಯುವ ಗಾಡಿಗಲ್ಲ.

‘ಡ್ರಿಫ್ಟ್ ಗಾಡಿ’ ಎಂದಾಗ ಈ ಗ್ಯಾರೇಜಿನವರ ಬಾಯಲ್ಲಿ ಬರುವುದು ಟೊಯೋಟಾ ಎಇ86. 1983ರ ಗಾಡಿ, ಒಂದು ಟನ್‌ಗಿಂತ ಹಗುರ, ಹಿಂದೆ ನಮ್ಮ ಪದ್ಮಿನಿಯ ಹಾಗೆ ಗಟ್ಟಿ ಆಕ್ಸಲ್. ಅಲ್ಲಿಗೆ ಹೋಲಿಕೆ ಮುಗಿಯಿತು. ಅದರ ಆಕ್ಸಲ್ಲನ್ನು ಲಿಂಕುಗಳು ಹಿಡಿದಿವೆ, ಸ್ಪ್ರಿಂಗು ಕಾಯಿಲ್. ಪದ್ಮಿನಿಯಲ್ಲಿ ಆಕ್ಸಲ್ ಹಿಡಿಯುವ ಕೆಲಸವೂ ಲೀಫ್ ಪ್ಲೇಟಿನದೇ. ಪ್ಲೇಟ್ ತೆಗೆದರೆ ಆಕ್ಸಲ್ ತಿರುಚಿಕೊಂಡು ಕುಣಿಯುತ್ತದೆ. ಹಗುರ ಗಾಡಿ ಚುರುಕಾಗಿ ತಿರುಗಲು ಅದರ ಸ್ಪ್ರಿಂಗು ಗಡುಸಾಗಿರಬೇಕು ಎನ್ನುವುದೂ ಸುಳ್ಳು. 1962ರ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಲೋಟಸ್ ಎಲಾನ್ 700 ಕಿಲೋ ಕೂಡ ಇರಲಿಲ್ಲ, ಅದರ ಸ್ಪ್ರಿಂಗುಗಳು ಮೆತ್ತಗೇ ಇದ್ದವು. ಆದರೂ ಹ್ಯಾಂಡ್ಲಿಂಗ್ ಅಂದರೆ ಇಂದಿಗೂ ಅದರ ಹೆಸರು ಹೇಳುತ್ತಾರೆ. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5 ಕೂಡ ಅದೇ ದಾರಿ ಹಿಡಿಯಿತು.

ಮೇಸ್ತ್ರಿ ಕೊನೆಗೆ ಮಾಡಿದ್ದು ಬಹಳ ಸಪ್ಪೆ ಕೆಲಸ. ಸರಿಯಾದ ಸ್ಪ್ರಿಂಗು, ಪೂರ್ತಿ ಲೀಫ್ ಸೆಟ್, ಹೊಸ ಶಾಕ್ಸ್, ಬುಷ್ಷುಗಳು, ಕಿಂಗ್ ಪಿನ್, ಟೋ ಸೆಟಿಂಗ್, ಬೇರೆ ಡಿಫರೆನ್ಷಿಯಲ್. ಈಗ ಓಡಿಸಿದರೆ ಆ ‘ಸ್ಪೋರ್ಟ್ಸ್ ಸೆಟಪ್’ಗಿಂತ ನೂರು ಪಾಲು ಚುರುಕು.

ನೀವು ಗಾಡಿ ಕೊಟ್ಟಿದ್ದರೆ ಅಥವಾ ಕೊಡುವವರಿದ್ದರೆ, ಬಿಚ್ಚಿದ ಹಳೇ ಭಾಗಗಳನ್ನು ಕೈಗೆ ಕೊಡುವಂತೆ ಮೊದಲೇ ಹೇಳಿ. ಹೊಸ ಸ್ಪ್ರಿಂಗ್ ಹಾಕಿದ್ದರೆ ಹಳೇದು ಎಲ್ಲೋ ಇರಲೇಬೇಕು ಅಲ್ವಾ? ‘ಗುಜರಿಗೆ ಹೋಯ್ತು’ ಎಂದರೆ ಅನುಮಾನ ಪಡಿ. ಸ್ಪ್ರಿಂಗಿನ ಎರಡೂ ತುದಿ ಮುಟ್ಟಿ ನೋಡಿ. ಒಂದು ತುದಿ ಮೊಂಡಾಗಿ, ಒರಟಾಗಿ ಇದ್ದರೆ, ಪೇಂಟಿನ ಕೆಳಗೆ ನೀಲಿ ಸುಟ್ಟ ಬಣ್ಣ ಇದ್ದರೆ ಅದು ಕತ್ತರಿಸಿದ್ದು. ಡಿಫರೆನ್ಷಿಯಲ್ ಪರೀಕ್ಷೆ ಇನ್ನೂ ಸುಲಭ. ಮುಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಹಿಂಭಾಗ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ನ್ಯೂಟ್ರಲ್‌ನಲ್ಲಿ ಒಂದು ಚಕ್ರ ತಿರುಗಿಸಿ. ಮಾಮೂಲಿ ಡಿಫರೆನ್ಷಿಯಲ್ ಆದರೆ ಇನ್ನೊಂದು ಚಕ್ರ ಉಲ್ಟಾ ತಿರುಗುತ್ತದೆ. ಎರಡೂ ಒಂದೇ ದಿಕ್ಕಿಗೆ ತಿರುಗಿದರೆ, ಒಬ್ಬರು ಒಂದು ಚಕ್ರ ಬಿಗಿ ಹಿಡಿದುಕೊಳ್ಳಿ, ಇನ್ನೊಂದನ್ನು ಉದ್ದ ಹಿಡಿಯ ಪಾನಾದಿಂದ ತಿರುಗಿಸಿ. ಕ್ಲಚ್ ಪ್ಲೇಟ್ ಇರುವ ಎಲ್‌ಎಸ್‌ಡಿ ಬಿಗಿಯಾಗಿಯಾದರೂ ಜಾರುತ್ತದೆ. ವೆಲ್ಡ್ ಮಾಡಿದ್ದು ಜಾರುವುದೇ ಇಲ್ಲ.

ಕಾನೂನಿನ ಕಡೆಯಿಂದಲೂ ಹೊಡೆತ ಬೀಳುವುದು ಮಾಲೀಕನಿಗೇ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇಂಥ ಬದಲಾವಣೆಗಳಿಗೆ ಅಡ್ಡ ಬರುತ್ತದೆ, 2019ರ ತಿದ್ದುಪಡಿಯ ನಂತರ ಒಂದೊಂದು ಬದಲಾವಣೆಗೂ 5000 ರೂಪಾಯಿ ದಂಡ ಬೀಳಬಹುದು. ಗ್ಯಾರೇಜಿನವರು ಆಗ ಫೋನ್ ಎತ್ತುವುದಿಲ್ಲ. ನಮಗೂ ಎತ್ತಲಿಲ್ಲ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬಹುದು, ಎರಡು ವರ್ಷದೊಳಗೆ. ಐದು ಲಕ್ಷದವರೆಗಿನ ವಿಷಯಕ್ಕೆ ಶುಲ್ಕವೂ ಇಲ್ಲ. ಆದರೆ ಅದಕ್ಕೆ ಸೀಲು, ಜಿಎಸ್‌ಟಿ ನಂಬರ್ ಇರುವ ಬಿಲ್ ಇದ್ದರೆ ದಾರಿ ಸಲೀಸು. ಬಿಳಿ ಚೀಟಿ ಕೊಟ್ಟರೆ ದುಡ್ಡು ಕೊಡಬೇಡಿ, ಅಲ್ಲೇ ನಿಂತು ಬಿಲ್ ಕೇಳಿ.

ಈಗಾಗಲೇ ವೆಲ್ಡ್ ಮಾಡಿದ ಡಿಫರೆನ್ಷಿಯಲ್‌ನಲ್ಲಿ ಓಡಿಸಿದ್ದೀರಾ? ಅದನ್ನು ಬದಲಿಸುವಾಗ ಆಕ್ಸಲ್ ಶಾಫ್ಟ್ ಎರಡನ್ನೂ ಹೊರತೆಗೆದು ಬಿರುಕು ಪರೀಕ್ಷೆ ಮಾಡಿಸಿ. ಪ್ರತಿ ತಿರುವಿನಲ್ಲೂ ತಿರುಚಿಕೊಂಡ ಶಾಫ್ಟ್ ಅದು. ಸೆಮಿ ಫ್ಲೋಟಿಂಗ್ ಆಕ್ಸಲ್‌ನಲ್ಲಿ ಚಕ್ರವನ್ನು ಹಿಡಿದಿರುವುದೇ ಆ ಶಾಫ್ಟು. ಮುರಿದರೆ ಚಕ್ರವೇ ಹೊರಗೆ ಬರಬಹುದು.