ಮೂರು ಖಾನೆಯ ಸಿಲ್ಟ್ ಚೇಂಬರ್: ಮರಳು ನಿಲ್ಲುತ್ತದೆ, ಬಗ್ಗಡ ನಿಲ್ಲುವುದಿಲ್ಲ

ಇಂಗು ಬಾವಿಗೆ ಮಳೆನೀರಿನ ಜೊತೆ ಮಣ್ಣು ಹೋಗಬಾರದು ಅಂತ ಹಾಕಿಸಿದ ರೆಡಿಮೇಡ್ ಕಾಂಕ್ರೀಟ್ ಚೇಂಬರ್ ಇದು. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಬೆಂಗಳೂರಿನ 30×40 ಸೈಟು, ತಾರಸಿ ನೀರೂ ಅಂಗಳದ ನೀರೂ ಇದರಲ್ಲೇ ಹಾದು ಬಾವಿಗೆ ಇಳಿಯುತ್ತದೆ.

ಮೋಟಾರ್ ಇಲ್ಲ, ಕರೆಂಟ್ ಬೇಡ. ಪೈಪಿನಲ್ಲಿ ರಭಸದಿಂದ ಬಂದ ನೀರು ಅಗಲ ಜಾಗ ಸಿಕ್ಕ ಕೂಡಲೇ ನಿಧಾನವಾಗುತ್ತದೆ, ಭಾರದ ಕಣ ತಳದಲ್ಲಿ ಕೂರುತ್ತದೆ, ಅಡ್ಡಗೋಡೆ ದಾಟಿದ ನೀರು ಮುಂದಿನ ಖಾನೆಗೆ ಹೋಗುತ್ತದೆ. ಮರಳು, ಸಿಮೆಂಟ್ ಚೂರು ಎಲ್ಲ ಮೊದಲ ಖಾನೆಯಲ್ಲೇ ಸಿಕ್ಕವು. ಇಷ್ಟಕ್ಕೆ ಪೂರ್ತಿ ಮಾರ್ಕ್ಸ್.

ಆದರೆ ಮಾರಿದವರು 'ಬಾವಿಗೆ ತಿಳಿನೀರೇ ಹೋಗುತ್ತೆ ಸಾರ್' ಅಂದಿದ್ದರಲ್ಲ, ಅದು ಸುಮ್ನೆ ಮಾತು. ನಮ್ಮ ಕೆಮ್ಮಣ್ಣಿನಲ್ಲಿ ಜೇಡಿ ಜಾಸ್ತಿ. 0.1 ಮಿ.ಮೀ. ಮರಳಿನ ಕಣ ನಿಂತ ನೀರಿನಲ್ಲಿ ಸೆಕೆಂಡಿಗೆ ಸುಮಾರು 8 ಮಿ.ಮೀ. ಇಳಿಯುತ್ತದೆ, ಕಣ ಹತ್ತು ಪಟ್ಟು ಸಣ್ಣದಾದರೆ ಇಳಿಯುವ ವೇಗ ನೂರು ಪಟ್ಟು ಕಡಿಮೆ. 0.002 ಮಿ.ಮೀ. ಜೇಡಿ ಕಣಕ್ಕೆ ಒಂದು ಮೀಟರ್ ಇಳಿಯಲು ಮೂರು ದಿನವೂ ಸಾಲದು. ಗಂಟೆಗೆ 50 ಮಿ.ಮೀ. ಮಳೆ ಹೊಡೆದರೆ ಇಂಥ ಸೈಟಿನಿಂದ ಸೆಕೆಂಡಿಗೆ ಒಂದೂವರೆ ಲೀಟರ್ ನೀರು ಬರುತ್ತದೆ, ಈ ಚೇಂಬರಿನಲ್ಲಿ ಅದು ಇರುವುದೇ ಏಳೆಂಟು ನಿಮಿಷ. ಬಗ್ಗಡ ಹೇಗೆ ತಾನೇ ನಿಲ್ಲುತ್ತದೆ?

ಇನ್ನೊಂದು ವಿಷಯ. ಅಂಗಡಿಯಲ್ಲಿ ಇನ್ನೂ ಆಳದ ಮಾಡೆಲ್ ತೋರಿಸಿ ಜಾಸ್ತಿ ದುಡ್ಡು ಕೇಳುತ್ತಾರೆ. ಆಳ ಹೆಚ್ಚಾದರೆ ನೀರು ಜಾಸ್ತಿ ಹೊತ್ತು ನಿಲ್ಲುತ್ತದೆ, ನಿಜ, ಆದರೆ ಕಣವೂ ಅಷ್ಟೇ ಜಾಸ್ತಿ ದೂರ ಇಳಿಯಬೇಕಲ್ವಾ? ಲೆಕ್ಕ ಅಲ್ಲಿಗಲ್ಲಿಗೇ. ಗಸಿ ಹಿಡಿಯುವುದು ಉದ್ದ ಅಗಲ, ಆಳ ಏನಿದ್ದರೂ ಕೂತ ಹೂಳಿಗೆ ಜಾಗ. ದುಡ್ಡು ಹಾಕುವುದಾದರೆ ಅಗಲಕ್ಕೆ ಹಾಕಿ.

ಮುಚ್ಚಳ ಮಾತ್ರ ವಿಪರೀತ ಭಾರ, ಒಬ್ಬರಿಂದ ಎತ್ತಲು ಆಗುವುದಿಲ್ಲ. ಎತ್ತದಿದ್ದರೆ ಹೂಳು ತೆಗೆಯುವುದಿಲ್ಲ, ತೆಗೆಯದಿದ್ದರೆ ಮುಂದಿನ ಜೋರು ಮಳೆ ಕೂತಿದ್ದನ್ನೆಲ್ಲ ಕದಡಿ ಬಾವಿಗೇ ತಳ್ಳುತ್ತದೆ. ಮಳೆ ನಿಂತ ಮೇಲೂ ಒಳಗೆ ನೀರು ಉಳಿಯುತ್ತದೆ, ಅಂದರೆ ಸೊಳ್ಳೆ. ಪೈಪಿನ ಬಾಯಿಗೆ ಜಾಲರಿ ನಾವೇ ಕಟ್ಟಿಸಿದೆವು.

ತಾರಸಿ ನೀರು ಮಾತ್ರ ಅನ್ನುವವರಿಗೆ ಇಷ್ಟು ದೊಡ್ಡದು ಬೇಡ. ಅಂಗಳದ ಮಣ್ಣುನೀರೂ ಬಿಡುವವರು ತೆಗೆದುಕೊಳ್ಳಬಹುದು, ಆದರೆ ಮೊದಲು ಜಯನಗರದ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಹೋಗಿ ಅಲ್ಲಿಟ್ಟಿರುವ ಮಾದರಿಗಳನ್ನು ನೋಡಿ ಬನ್ನಿ. ಮುಚ್ಚಳವನ್ನು ಎರಡು ತುಂಡು ಮಾಡಿ, ಕೊಂಡಿ ಹಾಕಿಸಿ ಕೊಡಿ ಅಂತ ಅಂಗಡಿಯವರ ಹತ್ತಿರ ಮೊದಲೇ ಮಾತಾಡಿಕೊಳ್ಳಿ.